ಬೂದು ಸಿಪಿಲೆ ಬಂದಿದೆ, ಜಯಮಂಗಲಿ ಕಡೆ ಬನ್ನಿ

ತುಮಕೂರಿನಲ್ಲಿ ಒಂದು ಭಾನುವಾರ ಸಂಜೆ ನಾನು ಆಡಿದ ಮಾತು ಇದು. ಬರೆದು ಕೊಡಿ ಎಂದು ಬಂದವರಲ್ಲಿ ಕೆಲವರು ಕೇಳಿದರು. ಮಾತಾಡಿದ ಹಾಗೇ ಬರೆದಿದ್ದೇನೆ, ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸುದ್ದಿ ಹೇಳಿಬಿಡುತ್ತೇನೆ. ಬೂದು ಸಿಪಿಲೆ ಅನ್ನುವ ವಲಸೆ ಹಕ್ಕಿ ಬಂದಿದೆ. ಕೊರಟಗೆರೆ ಕಡೆ ಜಯಮಂಗಲಿ ಹೊಳೆಯ ಪಕ್ಕ ಒಂದು ಹಳೇ ತಲಪರಿಗೆ, ಅಂದರೆ ನೆಲದಿಂದ ನೀರು ತಾನಾಗಿ ಉಕ್ಕುವ ಒರತೆ, ಇದೆ. ಅದರ ಕಲ್ಲು ಕಟ್ಟಿದ ಅಂಚಿನ ಮೇಲೆ, ಹೋದ ವರ್ಷ ಎಲ್ಲಿ ಓಡಾಡುತ್ತಿತ್ತೋ ಅಲ್ಲೇ, ಬಾಲವನ್ನು ಮೇಲೆ ಕೆಳಗೆ ಕುಣಿಸಿಕೊಂಡು ಓಡಾಡುತ್ತಿದೆ. ಬೆನ್ನು ಬೂದು, ಬಾಲದ ಬುಡದ ಕೆಳಗೆ ನಿಂಬೆಹಣ್ಣಿನ ಹಳದಿ. ತೂಕ ಇಪ್ಪತ್ತು ಗ್ರಾಂ ಆಸುಪಾಸು, ಅಷ್ಟೇ. ಬೇಸಿಗೆಯಲ್ಲಿ ಅದು ಹಿಮಾಲಯದ ತೊರೆಗಳ ಪಕ್ಕ ಮರಿ ಮಾಡುತ್ತದೆ. ಅಲ್ಲಿಂದ ನಮ್ಮ ತುಮಕೂರಿಗೆ ಸುಮಾರು 2000 ಕಿಲೋಮೀಟರ್. ಇದು ಹೋದ ವರ್ಷದ ಹಕ್ಕಿಯೇ ಅಂತ ನಾನು ಆಣೆ ಮಾಡಿ ಹೇಳಲಾರೆ, ಅದರ ಕಾಲಿಗೆ ಯಾರೂ ಗುರುತಿನ ಉಂಗುರ ಹಾಕಿಲ್ಲ. ಆದರೆ ಸಿಪಿಲೆಗಳು ಚಳಿಗಾಲ ಕಳೆಯಲು ವರ್ಷ ವರ್ಷ ಅದೇ ಜಾಗಕ್ಕೆ ಮರಳುತ್ತವೆ ಅನ್ನುವುದು ಉಂಗುರ ಹಾಕಿ ನೋಡಿದವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ.

ನಾನು ಆರು ವರ್ಷದಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಆರರಲ್ಲಿ ಐದು ವರ್ಷ ಉತ್ತರೆ ಮಳೆ ಮುಗಿಯುವುದರೊಳಗೆ, ಅಂದರೆ ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಸಿಪಿಲೆ ಬಂದಿದೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಹಕ್ಕಿ ನೋಡಲು ದೂರ ಹೋಗಬೇಡಿ. ಮನೆಗೆ ಹತ್ತಿರ ಇರುವ ಒಂದು ಹೊಳೆಯ ತುಂಡನ್ನು ಆರಿಸಿಕೊಳ್ಳಿ, ಅರ್ಧ ಕಿಲೋಮೀಟರ್ ಸಾಕು, ಹಸ್ತ ಮಳೆ ಹುಟ್ಟಿದಾಗಿನಿಂದ ವಿಶಾಖ ಮಳೆ ಕಳೆಯುವವರೆಗೆ ಪ್ರತಿ ವಾರ ಅದೇ ಜಾಗಕ್ಕೆ ಅದೇ ಹೊತ್ತಿಗೆ ಹೋಗಿ. ಮುಂದಿನ ವರ್ಷವೂ ಅಲ್ಲಿಗೇ ಹೋಗಿ.

ನಮ್ಮದು ಬಯಲುಸೀಮೆ. ವರ್ಷಪೂರ್ತಿ ತುಂಬಿ ಹರಿಯುವ ನದಿ ನಮಗಿಲ್ಲ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಶಿಂಷಾ ಹುಟ್ಟುತ್ತದೆ, ಜಯಮಂಗಲಿಯೂ ಅಲ್ಲೇ ಹುಟ್ಟುತ್ತದೆ. ಒಂದು ದಕ್ಷಿಣಕ್ಕೆ ಇಳಿದು ಕಾವೇರಿ ಸೇರುತ್ತದೆ, ಇನ್ನೊಂದು ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿ ಸೇರುತ್ತದೆ. ಬೆಟ್ಟದ ಮೇಲೆ ಬೀಳುವ ಒಂದೇ ಮಳೆ ಎರಡು ಪಾಲಾಗಿ ಎರಡು ದಿಕ್ಕಿಗೆ ಹೋಗಿ ಕೊನೆಗೆ ಒಂದೇ ಬಂಗಾಳ ಕೊಲ್ಲಿಗೆ ಸೇರುತ್ತದೆ. ಇದನ್ನು ನನಗೆ ಮೊದಲು ಹೇಳಿದ್ದು ನಮ್ಮಪ್ಪ. ಆಮೇಲೆ ನಕ್ಷೆ ನೋಡಿದಾಗಲೂ ಅಷ್ಟೇ ಖುಷಿ ಆಯಿತು.

ವರ್ಷದ ಹೆಚ್ಚು ದಿನ ಜಯಮಂಗಲಿ ಅಂದರೆ ಮರಳು, ಜೊಂಡು, ಬಳ್ಳಾರಿ ಜಾಲಿ. ಹಿಂಗಾರು ಚೆನ್ನಾಗಿ ಹಿಡಿದರೆ ಮಾತ್ರ ನೀರು. 2022ರಲ್ಲಿ ಉಕ್ಕಿ ಹರಿದಿದ್ದು ನಿಮಗೆಲ್ಲ ನೆನಪಿರಬೇಕು. ಆ ವರ್ಷ ನೀರು ಇಳಿಯುತ್ತಾ ಬಂದಾಗ ಸೇತುವೆ ಕೆಳಗೆ ನಿಂತ ಗುಂಡಿಗಳಲ್ಲಿ ಮೀನು ಸಿಕ್ಕಿಹಾಕಿಕೊಂಡಿದ್ದವು. ಒಂದೇ ಬೆಳಿಗ್ಗೆ ಬೆಳ್ಳಕ್ಕಿ, ಕೊಳದ ಬಕ, ಬೂದು ಬಕ, ನೀರುಕಾಗೆ, ಬಾಯ್ಕಳಕ ಕೊಕ್ಕರೆ ಎಲ್ಲ ಒಟ್ಟಿಗೆ ಬಂದು ಕೂತಿದ್ದವು. ನೀರು ಬಂದ ಸುದ್ದಿ ಅವಕ್ಕೆ ಎಷ್ಟು ಬೇಗ ಮುಟ್ಟುತ್ತದೆ ಅಂತ ನನಗೆ ಈಗಲೂ ಆಶ್ಚರ್ಯ.

ಬಾಯ್ಕಳಕ ಕೊಕ್ಕರೆಯನ್ನು ಹತ್ತಿರದಿಂದ ನೋಡಿದ್ದೀರಾ? ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು ಇರುತ್ತದೆ. ಮೊದಲ ಸಲ ನೋಡಿದವರು ಪಾಪ, ಏಟು ಬಿದ್ದಿದೆ ಅಂದುಕೊಳ್ಳುತ್ತಾರೆ. ಅದರ ಕೊಕ್ಕೇ ಹಾಗೆ. ಮುಖ್ಯ ಊಟ ನೀರಿನ ಬಸವನಹುಳು. ಮರಿಗಳಿಗೆ ಆ ಸಂದು ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ.

ಶರದೃತು ಅಂತ ಪುಸ್ತಕದಲ್ಲಿ ಓದುತ್ತೇವೆ. ನಮ್ಮ ಕಡೆ ಅದನ್ನು ಯಾರೂ ಹಾಗೆ ಕರೆಯುವುದಿಲ್ಲ. ಹಸ್ತ, ಚಿತ್ತ, ಸ್ವಾತಿ, ವಿಶಾಖ, ಮಳೆ ಹೆಸರಲ್ಲೇ ಲೆಕ್ಕ. ಸ್ವಾತಿ ಮಳೆ ಮುತ್ತಿನ ಬೆಳೆ ಅನ್ನುತ್ತಾರೆ ಅಲ್ವಾ, ರಾಗಿ ಆಗ ತೆನೆಯಲ್ಲಿರುತ್ತದೆ. ಹಕ್ಕಿ ನೋಡುವವರಿಗೂ ಇದೇ ಪಂಚಾಂಗ ಸರಿಹೋಗುತ್ತದೆ. ಸಾಮಾನ್ಯ ಗದ್ದೆಗೊರವ ಎಲ್ಲಕ್ಕಿಂತ ಮೊದಲು, ಆಗಸ್ಟ್‌ನಲ್ಲೇ ಕಾಣುತ್ತದೆ. ನೀರಿನಂಚಿನ ಕಲ್ಲಿನ ಮೇಲೆ ನಿಂತು ಹಿಂಭಾಗ ಅಲ್ಲಾಡಿಸುತ್ತಾ ಇರುತ್ತದೆ, ಒಂದು ಗಳಿಗೆ ಸುಮ್ನೆ ನಿಲ್ಲುವುದಿಲ್ಲ. ಭುಜದ ಹತ್ತಿರ ಬಿಳಿ ಬಣ್ಣ ಮೇಲಕ್ಕೆ ಹತ್ತಿಕೊಂಡಿರುತ್ತದೆ, ಅದನ್ನು ನೋಡಿದರೆ ಸಾಕು, ಗುರುತು ತಪ್ಪುವುದಿಲ್ಲ. ಆಮೇಲೆ ಕವಲುತೋಕೆಗಳು ಬರುತ್ತವೆ. ಗೊರವನಹಳ್ಳಿ ರಸ್ತೆಯ ಕರೆಂಟು ತಂತಿಗಳ ಮೇಲೆ ಬೆಳಿಗ್ಗೆ ಸಾಲಾಗಿ ಕೂತಿರುತ್ತವೆ, ಬಿಸಿಲು ಏರಿದ ಮೇಲೆ ಗದ್ದೆ ಮೇಲೆ ಹಾರಾಡಿ ಹುಳ ಹಿಡಿಯುತ್ತವೆ. ಅಕ್ಟೋಬರ್ ಹೊತ್ತಿಗೆ ಲಂಟಾನ ಪೊದೆಯೊಳಗಿನಿಂದ ಚಕ್, ಚಕ್ ಅಂತ ಶಬ್ದ ಶುರುವಾಗುತ್ತದೆ. ಅದು ಉಲಿಯಕ್ಕಿ. ಕಣ್ಣಿಗೆ ಬೀಳುವುದು ಕಷ್ಟ, ಕಿವಿಗೆ ಮಾತ್ರ ದಿನಾ ಸಿಗುತ್ತದೆ. ಕಂದು ಕಳಿಂಗ ಬೇಲಿ ತುದಿಗೆ ಬಂದು ಕೂರುತ್ತದೆ.

ನವೆಂಬರ್ ಬಂತು ಅಂದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕಡೆ ಒಮ್ಮೆ ಹೋಗಿ ಬನ್ನಿ. ಅಲ್ಲಿ 798 ಎಕರೆ ಹುಲ್ಲುಗಾವಲು ಇದೆ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಜಿಂಕೆ ನೋಡಲು ಹೋದವರು ಹುಲ್ಲಿನ ಮೇಲೆ ತೇಲಿಕೊಂಡು ಬರುವ ಸೆಳೆವ ಅನ್ನುವ ಬೇಟೆ ಹಕ್ಕಿಗಳನ್ನೂ ನೋಡಬಹುದು. ಇಷ್ಟು ಹೇಳಿ ನಾನು ಮತ್ತೆ ಹೊಳೆಗೆ ಬರುತ್ತೇನೆ, ಯಾಕೆಂದರೆ ನನಗೆ ಗೊತ್ತಿರುವುದು ಅದೇ.

ತಲಪರಿಗೆ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಇಲ್ಲಿರುವ ಚಿಕ್ಕವರಲ್ಲಿ ಕೆಲವರಿಗೆ ಆ ಮಾತೇ ಗೊತ್ತಿಲ್ಲ ಅಂತ ಮುಖ ನೋಡಿದರೆ ತಿಳಿಯುತ್ತದೆ. ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಸೀಮೆಯಲ್ಲಿ ಮರಳು ನೆಲದೊಳಗೆ ಇಂಗಿದ ಮಳೆ ನೀರು ತಗ್ಗು ಜಾಗದಲ್ಲಿ ತಾನಾಗಿ ಉಕ್ಕಿ ಬರುತ್ತದೆ. ಹಿಂದಿನವರು ಅಲ್ಲಿ ತೋಡಿ, ಕಲ್ಲು ಕಟ್ಟಿ, ಕಾಲುವೆ ಬಿಟ್ಟು ಹೊಲಕ್ಕೆ ಹರಿಸಿಕೊಂಡರು. ಊರಿನವರೆಲ್ಲ ಸೇರಿ ಹೂಳು ತೆಗೆಯುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಎಷ್ಟೋ ತಲಪರಿಗೆಗಳು ಬತ್ತಿದವು, ಎಷ್ಟೋ ಮುಚ್ಚಿಹೋದವು. ನಾನು ಹೇಳುವ ತಲಪರಿಗೆ ಹಿಂಗಾರು ಮಳೆ ಬಿದ್ದ ವರ್ಷ ಮಾತ್ರ ಜೀವ ಪಡೆಯುತ್ತದೆ. ಒಂದು ಕಲ್ಲು ಜಾರಿ ಒಳಗೆ ಬಿದ್ದಿದೆ, ಅದರ ಸಂದಿನಿಂದ ನೀರು ಬೆರಳಿನಷ್ಟು ದಪ್ಪ ಹರಿಯುತ್ತದೆ. ಪಾಚಿ ಕಟ್ಟಿದೆ. ಪಾಚಿ ಮೇಲೆ ಸಣ್ಣ ಸಣ್ಣ ನೊಣ. ಸಿಪಿಲೆ ಬರುವುದು ಆ ನೊಣಕ್ಕೆ.

ಹೋದ ತಿಂಗಳು ಅಲ್ಲಿ ಒಂದು ಗಂಟೆ ಕೂತಿದ್ದೆ. ಸಿಪಿಲೆ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ನಾಲ್ಕು ಹೆಜ್ಜೆ ಓಡುತ್ತದೆ, ನಿಲ್ಲುತ್ತದೆ, ಬಾಲ ಬಡಿಯುತ್ತದೆ, ತಟ್ಟನೆ ಒಂದು ಅಡಿ ಮೇಲೆ ನೆಗೆದು ಗಾಳಿಯಲ್ಲೇ ನೊಣ ಹಿಡಿದು ಅದೇ ಕಲ್ಲಿಗೆ ಇಳಿಯುತ್ತದೆ. ಅಷ್ಟರಲ್ಲಿ ನಮ್ಮ ಊರಿನದೇ ಆದ ದೊಡ್ಡ ಕಪ್ಪು ಬಿಳಿ ಸಿಪಿಲೆ, ವರ್ಷಪೂರ್ತಿ ಇಲ್ಲೇ ಇರುವಂಥದ್ದು, ಆ ಕಡೆಯಿಂದ ಬಂತು. ಎರಡೂ ಒಂದೇ ಅಂಚಿನ ಮೇಲೆ ಎದುರು ಬದುರು. ನಮ್ಮದು ಅಟ್ಟಿಸಿಕೊಂಡು ಹೋಯಿತು, ಬಂದದ್ದು ಕಾಲುವೆ ಆಚೆ ಇಳಿಯಿತು, ಐದು ನಿಮಿಷಕ್ಕೆ ಮತ್ತೆ ಅದೇ ಕಲ್ಲಿಗೆ ಬಂತು. ಆ ಒಂದು ಗಂಟೆಯಲ್ಲಿ ನಾಲ್ಕು ಸಲ ಹೀಗೇ ಆಯಿತು. 2000 ಕಿಲೋಮೀಟರ್ ಹಾರಿ ಬಂದ ಹಕ್ಕಿ ಒಂದು ಕಲ್ಲಿಗಾಗಿ ಅಷ್ಟು ಹಟ ಹಿಡಿಯುವುದನ್ನು ನೋಡಿದ ಮೇಲೆ ಆ ತಲಪರಿಗೆಯನ್ನು ಹಾಳುಬಿದ್ದ ಜಾಗ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಅಲ್ಲೇ ಕುರಿ ಕಾಯುವ ಒಬ್ಬ ತಾತ ಇದ್ದಾರೆ. ಮೊದಲ ವರ್ಷ ನನ್ನನ್ನು ನೋಡಿ ಕೇಳಿದ್ದು, "ಏನವ್ವಾ, ಏನ್ ಕಳ್ಕಂಡಿದ್ದೀಯ?" ಏನೂ ಇಲ್ಲ ತಾತ, ಹಕ್ಕಿ ನೋಡ್ತಾ ಇದ್ದೀನಿ ಅಂದೆ. "ಅಂಗಾದ್ರೆ ಇಲ್ಲಿ ನಿಂತ್ರೆ ಏನ್ ಕಾಣ್ತದೆ? ಆ ಕಡೆ ಬಾ, ಬಿಸ್ಲು ಬೆನ್ನಿಗೆ ಬೀಳ್ಬೇಕು." ಹಕ್ಕಿ ನೋಡುವ ಬಗ್ಗೆ ನನಗೆ ಸಿಕ್ಕ ಒಳ್ಳೆಯ ಪಾಠಗಳಲ್ಲಿ ಇದೂ ಒಂದು. ಬಿಸಿಲು ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಾಗೆ ಬಣ್ಣವೇ. ಇನ್ನೊಂದು ಸಲ ಗೌಜಲಕ್ಕಿ ಕೂಗಿದ್ದನ್ನು ಕೇಳಿ, ಎಷ್ಟು ದೂರ, ಯಾವ ಬೇಲಿ, ಎಷ್ಟು ಹಕ್ಕಿ ಅಂತ ಕೂತಲ್ಲೇ ಹೇಳಿದರು. ಹೋಗಿ ನೋಡಿದೆ, ಮೂರು ಇದ್ದವು, ಅವರು ಹೇಳಿದಷ್ಟೇ. ನಿಮ್ಮ ಊರಲ್ಲೂ ಇಂಥವರು ಇರುತ್ತಾರೆ. ಪುಸ್ತಕ ತೆಗೆಯುವ ಮುಂಚೆ ಅವರ ಪಕ್ಕ ಕೂತು ಮಾತಾಡಿಸಿ.

ಇದು ನೋಡಿ, ಕೈಯಲ್ಲಿ ತಂದಿದ್ದೇನೆ. ಗೀಜಗನ ಗೂಡು. ಒಬ್ಬೊಬ್ಬರೇ ಹಿಡಿದು ನೋಡಿ, ಹುಷಾರು. ಹೊಳೆ ಮೇಲೆ ಬಾಗಿದ ಈಚಲು ಮರದಿಂದ ಗಾಳಿಗೆ ಬಿದ್ದದ್ದು. ಗೀಜಗ ಮರಿ ಮಾಡುವುದು ಮಳೆಗಾಲದಲ್ಲಿ, ಈಗ ಗೂಡುಗಳು ಒಣಗಿ ಕಂದಾಗಿ ನೇತಾಡುತ್ತಿರುತ್ತವೆ. ಇದು ಪೂರ್ತಿ ಗೂಡಲ್ಲ, ಅರ್ಧ. ಮೇಲೆ ಟೊಪ್ಪಿಗೆ ಹಾಗಿದೆ, ಕೆಳಗೆ ಅಡ್ಡ ಒಂದು ಹುರಿ ಇದೆ, ಉದ್ದನೆಯ ಕೊಳವೆ ಇಲ್ಲ. ಗಂಡು ಇಷ್ಟು ಕಟ್ಟಿ ನಿಲ್ಲಿಸಿ ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ನೋಡಿ ಒಪ್ಪಿದರೆ ಮಾತ್ರ ಮುಂದಿನ ಕೆಲಸ. ಇದನ್ನು ಯಾವ ಹೆಣ್ಣೂ ಒಪ್ಪಿಲ್ಲ. ಒಳಗೆ ಬೆರಳು ಹಾಕಿ ನೋಡಿ, ಗೋಡೆಗೆ ಒಣಗಿದ ಮಣ್ಣಿನ ಉಂಡೆ ಅಂಟಿಸಿದೆ. ಹಸಿ ಮಣ್ಣು ತಂದು ಮೆತ್ತುತ್ತದೆ. ಅದರಲ್ಲಿ ಮಿಂಚುಹುಳ ಸಿಕ್ಕಿಸಿ ದೀಪ ಮಾಡಿಕೊಳ್ಳುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ನಾನು ಹತ್ತಾರು ಗೂಡು ನೋಡಿದ್ದೇನೆ, ಮಿಂಚುಹುಳ ಒಂದರಲ್ಲೂ ಇರಲಿಲ್ಲ, ಮಣ್ಣು ಮಾತ್ರ ಇತ್ತು. ಹುಲ್ಲಿನ ಎಳೆ ನೋಡಿ ಹೇಗೆ ಗಂಟು ಹಾಕಿದೆ, ಇಡೀ ಗೂಡಿಗೆ ಬಳಸಿದ್ದು ಕೊಕ್ಕು ಒಂದೇ. ಬಿಟ್ಟುಹೋದ ಗೂಡುಗಳಿಗೆ ಈಗ ರಾಟವಾಳ ಬಂದು ಸೇರಿಕೊಳ್ಳುತ್ತವೆ. ಮರದಲ್ಲಿರುವ ಗೂಡು ಒಣಗಿದ್ದರೂ ಕೀಳಬೇಡಿ ಅನ್ನುವುದು ಅದಕ್ಕೇ.

ಈಗ ಬೇಜಾರಿನ ವಿಷಯ. ಸೇತುವೆಯಿಂದ ಸ್ವಲ್ಪ ಕೆಳಗೆ, ಹೊಳೆ ತಿರುಗುವ ಕಡೆ, ಎರಡಾಳೆತ್ತರದ ಮಣ್ಣುದಡ ಇತ್ತು. ಅದರಲ್ಲಿ ಕಳ್ಳಿಪೀರಗಳು ಬೇಸಿಗೆ ಶುರುವಾದಾಗ ಬಿಲ ಕೊರೆದು ಮೊಟ್ಟೆ ಇಡುತ್ತಿದ್ದವು, ಒಂದು ಮೂಲೆಯಲ್ಲಿ ಕಪ್ಪು ಬಿಳಿ ಮಿಂಚುಳ್ಳಿ ಜೋಡಿಯ ಬಿಲವೂ ಇತ್ತು. ಮರಳು ತೆಗೆಯುವವರು ಟ್ರಾಕ್ಟರ್ ಇಳಿಸಲು ದಾರಿ ಬೇಕು ಅಂತ ಆ ದಡವನ್ನು ಅಗೆದು ಹಾಕಿದರು. ಒಂದು ವಾರ ಹೋದಾಗ ಇತ್ತು, ಮುಂದಿನ ವಾರ ಇಲ್ಲ. ನಾನು ಒಂದು ಕಚೇರಿಗೆ ಅರ್ಜಿ ಕೊಟ್ಟೆ, ಎರಡು ಸಲ ಹೋಗಿ ಕೇಳಿದೆ, ಉತ್ತರ ಬರಲಿಲ್ಲ. ಆ ನೋವು ನನಗೆ ಇನ್ನೂ ಹೋಗಿಲ್ಲ. ಮಿಂಚುಳ್ಳಿ ಜೋಡಿ ಆ ವರ್ಷ ತೀತಾ ಜಲಾಶಯದ ಹಿನ್ನೀರಿನ ಕಡೆ ಕಂಡಿತು. ಅದೇ ಜೋಡಿಯೋ ಬೇರೆಯೋ, ಹೇಗೆ ಹೇಳುವುದು. ಅಲ್ಲಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕೊಕ್ಕು ನೇರ ಕೆಳಗೆ ಮಾಡಿ, ಕಲ್ಲು ಬಿದ್ದ ಹಾಗೆ ಬೀಳುವುದನ್ನು ತುಂಬಾ ಹೊತ್ತು ನೋಡಿದೆ.

ಮರಳು ಹೋದರೆ ಹಕ್ಕಿಗೆ ಬಿಲ ಹೋಗುವುದಷ್ಟೇ ಅಲ್ಲ. ಮರಳು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೊಳೆ ಬತ್ತಿದ ಮೇಲೂ ಕೆಳಗೆ ಒರತೆ ಇರುತ್ತದೆ. ನಾವು ಚಿಕ್ಕವರಿದ್ದಾಗ ಮಾರ್ಚಿಯಲ್ಲೂ ಕೈಯಲ್ಲಿ ಮರಳು ತೋಡಿದರೆ ನೀರು ಬರುತ್ತಿತ್ತು, ಅದನ್ನು ಕುಡಿದಿದ್ದೇವೆ. ಈಗ ಅದೇ ಜಾಗದಲ್ಲಿ ಜನವರಿಗೇ ಒಣ. ನನ್ನ ನೋಟ್‌ಬುಕ್ಕಿನಲ್ಲಿ ಗದ್ದೆಗೊರವ ಕೊನೆಯದಾಗಿ ಕಂಡ ವಾರ ವರ್ಷದಿಂದ ವರ್ಷಕ್ಕೆ ಹಿಂದೆ ಹಿಂದೆ ಸರಿಯುತ್ತಿದೆ. ಮೊದಲ ವರ್ಷ ಮಾರ್ಚಿವರೆಗೆ ಇತ್ತು. ಹೋದ ವರ್ಷ ಸಂಕ್ರಾಂತಿ ಆದ ಮೇಲೆ ಒಂದೂ ಇಲ್ಲ. ಒಂದೇ ಜಾಗಕ್ಕೆ ಹೋಗಿ ಅಂತ ನಾನು ಹೇಳುವುದು ಇದಕ್ಕೇ. ಬೇರೆ ಬೇರೆ ಕಡೆ ಸುತ್ತುವವರಿಗೆ ಹಕ್ಕಿಗಳ ಪಟ್ಟಿ ಉದ್ದ ಆಗುತ್ತದೆ ನಿಜ, ಆದರೆ ಯಾವುದು ಬರಲಿಲ್ಲ ಅನ್ನುವುದು ಗೊತ್ತಾಗುವುದಿಲ್ಲ.

ನೀಲಕಂಠದ ಕತೆಯೂ ಹೀಗೇ. ನಮ್ಮ ರಾಜ್ಯಪಕ್ಷಿ ಅದು. ಪಾವಗಡ ಕಡೆ ತೆಲುಗಿನವರು ಪಾಲಪಿಟ್ಟ ಅನ್ನುತ್ತಾರೆ, ವಿಜಯದಶಮಿ ದಿನ ಕಂಡರೆ ಒಳ್ಳೆಯದು ಅಂತ ನಂಬುತ್ತಾರೆ. ಕೂತಾಗ ಮಾಸಲು ಕಂದು, ರೆಕ್ಕೆ ಬಿಚ್ಚಿದರೆ ನೀಲಿ ಹೊಳೆಯುತ್ತದೆ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿ ಹೇಗಿದೆ ಅಂತ ಒಂದು ದೊಡ್ಡ ವರದಿ ಬಂತು. 942 ಜಾತಿಯ ಹಕ್ಕಿಗಳ ಲೆಕ್ಕ ಅದರಲ್ಲಿದೆ. ನೀಲಕಂಠ ಕಡಿಮೆಯಾಗುತ್ತಿದೆ, ಅದರ ಸ್ಥಿತಿಯನ್ನು ಮತ್ತೆ ಪರಿಶೀಲಿಸಬೇಕು ಅಂತ ಆ ವರದಿ ಹೇಳಿತು. ಆ ಲೆಕ್ಕ ಎಲ್ಲಿಂದ ಬಂತು ಗೊತ್ತಾ? ಸುಮಾರು 30,000 ಜನ ಹಕ್ಕಿ ನೋಡುವವರು ಇ-ಬರ್ಡ್ ಅನ್ನುವ ಜಾಲತಾಣದಲ್ಲಿ ಬರೆದು ಹಾಕಿದ ದಾಖಲೆಗಳಿಂದ. ನಮ್ಮ ನಿಮ್ಮಂಥವರೇ. ಬೆಳಿಗ್ಗೆ ಸೇತುವೆ ಮೇಲೆ ಹದಿನೈದು ನಿಮಿಷ ನಿಂತು, ಕಂಡ ಹಕ್ಕಿಗಳನ್ನೆಲ್ಲ ಎಣಿಸಿ, ಗುಬ್ಬಿ, ಕಾಗೆ, ಗೊರವಂಕ ಯಾವುದನ್ನೂ ಬಿಡದೆ ಬರೆದರೆ ಅದು ಪೂರ್ತಿ ಪಟ್ಟಿ. ಅಪರೂಪದ್ದನ್ನು ಮಾತ್ರ ಬರೆದರೆ ಲೆಕ್ಕಕ್ಕೆ ಅಷ್ಟು ಉಪಯೋಗ ಇಲ್ಲ. ನೀಲಕಂಠ ನಿಮ್ಮ ಸೇತುವೆ ಹತ್ತಿರ ಎಷ್ಟು ಕಡಿಮೆಯಾಗಿದೆ ಅಂತ ನೀವು ಬರೆಯದೆ ಬೇರೆ ಯಾರಿಗೆ ಗೊತ್ತಾಗಬೇಕು?

ಆಮೇಲೆ ಪ್ರಶ್ನೆ ಕೇಳಿದರು.

ಒಬ್ಬ ಹುಡುಗಿ, ಕಾಲೇಜಿನಲ್ಲಿ ಓದುತ್ತಿರುವವಳು, ಬೈನಾಕ್ಯುಲರ್ ಇಲ್ಲದೆ ಆಗುತ್ತಾ ಅಕ್ಕ ಅಂತ ಕೇಳಿದಳು. ಆಗುತ್ತಮ್ಮ. ಮೊದಲ ಎರಡು ವರ್ಷ ನನ್ನ ಹತ್ತಿರವೂ ಇರಲಿಲ್ಲ. ನೀರಿನ ಹಕ್ಕಿಗಳು ದೊಡ್ಡವು, ಬಯಲಲ್ಲಿ ಕೂರುತ್ತವೆ, ಅವುಗಳಿಂದಲೇ ಶುರು ಮಾಡು. ಕೊಳ್ಳುವ ಹಾಗಿದ್ದರೆ 8×42 ಅಂತ ಬರೆದಿರುವುದನ್ನು ತಗೊ. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ, ಮುಂಜಾನೆಯ ಮಬ್ಬು ಬೆಳಕಿಗೆ ಅಷ್ಟು ಬೇಕು. ಹನ್ನೆರಡು ಪಟ್ಟು, ಇಪ್ಪತ್ತು ಪಟ್ಟು ಅಂತ ಅಂಗಡಿಯವರು ಹೇಳಿದರೆ ಬೇಡ ಅನ್ನು. ಕೈ ನಡುಗುವುದೂ ಅಷ್ಟೇ ಪಟ್ಟು ಜಾಸ್ತಿ ಕಾಣುತ್ತದೆ.

ಒಬ್ಬರು ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಹತ್ತಿರ ಕರೆಯಬಹುದಾ ಅಂತ ಕೇಳಿದರು. ದಯವಿಟ್ಟು ಬೇಡ. ತನ್ನ ಜಾಗಕ್ಕೆ ಇನ್ನೊಂದು ಬಂತು ಅಂತ ಅದು ಮೇಯುವುದು ಬಿಟ್ಟು ಹುಡುಕಾಡುತ್ತದೆ. ಅಷ್ಟು ದೂರ ಹಾರಿ ಬಂದು ಸೊರಗಿರುವ ಹಕ್ಕಿಗೆ ಒಂದು ಬೆಳಗಿನ ಊಟ ಅಂದರೆ ಸಣ್ಣದಲ್ಲ.

ಹಿಂದೆ ಕೂತಿದ್ದ ಯಜಮಾನರು, ರೈತರು, ಎದ್ದು ನಿಂತು ಕೇಳಿದರು. "ಇದನ್ನೆಲ್ಲ ನೋಡಿ ಏನ್ ಸಿಗ್ತದವ್ವಾ?" ನಾನು ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ ಅವರನ್ನೇ ಕೇಳಿದೆ, ನಿಮ್ಮ ಹೊಲದ ಪಕ್ಕದ ಹಳ್ಳದಲ್ಲಿ ಟಿಟ್ಟಿಭ ಕೂಗೋದು ಕೇಳಿದ್ದೀರಾ ಅಂತ. "ಈಗ ಕೇಳಿ ಎಷ್ಟೋ ವರ್ಷ ಆಯ್ತು" ಅಂದರು. ಯಾವಾಗಿನಿಂದ ಕೇಳಿಸ್ತಿಲ್ಲ ಅಂದೆ. ಅವರು ಬೆರಳು ಮಡಿಸಿ ಲೆಕ್ಕ ಹಾಕಲು ಶುರು ಮಾಡಿದರು. ಹಳ್ಳದ ಪಕ್ಕ ಹಾಳುಬಿಟ್ಟಿದ್ದ ಜಮೀನು ಯಾವಾಗ ಮಾರಾಟವಾಯಿತು, ಅಡಿಕೆ ಯಾವಾಗ ಬಂತು, ಬೋರ್ ಯಾವಾಗ ಕೊರೆದರು, ಹಳ್ಳ ಯಾವ ವರ್ಷ ಕೊನೆಯ ಸಲ ಹರಿಯಿತು, ಎಲ್ಲ ಅವರ ಬಾಯಲ್ಲೇ ಬಂತು. ಟಿಟ್ಟಿಭ ನೆಲದ ಮೇಲೆ, ಬಯಲಲ್ಲಿ, ಕಲ್ಲುಗಳ ನಡುವೆ ಮೊಟ್ಟೆ ಇಡುವ ಹಕ್ಕಿ. ಬಯಲು ಹೋದರೆ ಅದೂ ಹೋಗುತ್ತದೆ. ಸಭೆ ಮುಗಿದ ಮೇಲೂ ಅವರು ಬಾಗಿಲ ಹತ್ತಿರ ನಿಂತು ಇನ್ನೊಂದು ವರ್ಷವನ್ನು ನೆನಪು ಮಾಡಿಕೊಂಡು ಬಂದು ಹೇಳಿದರು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಅವರ ಊರಿನ ಹೆಸರಿನ ಜೊತೆಗೆ.

ಬರುವವರಿಗೆ ಒಂದು ಮಾತು. ಬರುವ ಭಾನುವಾರ ಬೆಳಿಗ್ಗೆ ಆರೂ ಕಾಲಿಗೆ ಸೇತುವೆ ಹತ್ತಿರ ಇರುತ್ತೇನೆ. ಬಸ್ಸಿನಲ್ಲಿ ಬರುವವರು ಹಿಂದಿನ ಸಂಜೆಯೇ ಹೇಳಿ, ಗಾಡಿ ಇರುವವರ ಜೊತೆ ಸೇರಿಸುತ್ತೇನೆ. ಕೆಂಪು, ಬಿಳಿ ಬಟ್ಟೆ ಬೇಡ, ಮಣ್ಣಿನ ಬಣ್ಣದ್ದು ಇದ್ದರೆ ಒಳ್ಳೆಯದು. ದಡ ಜಾರುತ್ತದೆ, ಚಪ್ಪಲಿ ಬಿಟ್ಟು ಶೂ ಹಾಕಿಕೊಳ್ಳಿ. ಒಂದು ನೋಟ್‌ಬುಕ್, ಪೆನ್ನು, ನೀರು. ತಿಂಡಿ ನಾನು ತರುತ್ತೇನೆ, ಚಿತ್ರಾನ್ನ. ತಲಪರಿಗೆ ಹತ್ತಿರ ಬಂದಾಗ ಮಾತ್ರ ಎಲ್ಲರೂ ಸ್ವಲ್ಪ ಹಿಂದೆ ಕೂತುಕೊಳ್ಳೋಣ, ಆ ಕಲ್ಲು ಖಾಲಿ ಇರಲಿ.